ಅಪ್ಪ ಮುದ್ದೆ ಕೇಳ್ತಾರೆ, ಅಮ್ಮ ಕೊಟ್ಟುಬಿಡ್ತಾರೆ

ಪ್ರಶ್ನೆ: ನಮ್ಮೂರು ಮದ್ದೂರು ತಾಲ್ಲೂಕಿನಲ್ಲಿದೆ. ಅಪ್ಪನಿಗೆ 67 ವರ್ಷ. ಎರಡು ತಿಂಗಳ ಹಿಂದೆ ಸ್ಟ್ರೋಕ್ ಆಗಿ ಬಲಗಡೆ ಕೈಕಾಲು ಸೋತಿವೆ, ಮಾತು ತೊದಲುತ್ತದೆ. ಮೂಗಿನ ಪೈಪ್ ತೆಗೆದು ಮನೆಗೆ ಕಳಿಸುವಾಗ ಆಸ್ಪತ್ರೆಯಲ್ಲಿ ‘ಮೆತ್ತಗಿನ ಊಟ, ಗಟ್ಟಿ ಮಾಡಿದ ನೀರು’ ಅಂತ ಚೀಟಿ ಬರೆದುಕೊಟ್ಟರು. ನಾನು ಮೈಸೂರಿನಲ್ಲಿ ಕೆಲಸದಲ್ಲಿದ್ದೇನೆ, ವಾರಕ್ಕೊಮ್ಮೆ ಊರಿಗೆ ಹೋಗುತ್ತೇನೆ. ಊಟ ಮಾಡಿಸುವುದೆಲ್ಲ ಅಮ್ಮನೇ. ಅಪ್ಪ ಮುದ್ದೆ ಬೇಕು ಅಂತ ಹಟ ಮಾಡುತ್ತಾರೆ, ಅಮ್ಮ ಕೊಟ್ಟುಬಿಡುತ್ತಾರೆ. ಊಟದ ಮಧ್ಯೆ ಕೆಮ್ಮು ಬರುತ್ತದೆ. ನಾನು ಬೈದರೆ ‘ಒಂದು ತುತ್ತು ತಾನೆ ಕಣವ್ವ’ ಅಂತ ಅಮ್ಮ ಅಳುತ್ತಾರೆ. ಇಬ್ಬರಿಗೂ ಹೇಗೆ ತಿಳಿಸಿ ಹೇಳಲಿ?

ಉತ್ತರ: ಮೊದಲು ಅಮ್ಮನನ್ನು ಬೈಯುವುದು ನಿಲ್ಲಿಸಿ. ಅವರು ಚೀಟಿಯಲ್ಲಿ ಬರೆದದ್ದನ್ನೇ ಮಾಡುತ್ತಿದ್ದಾರೆ. ‘ಮೆತ್ತಗಿನ ಊಟ’ ಅಂದರೆ ಮಂಡ್ಯದ ಕಡೆ ಯಾವ ತಾಯಿಗಾದರೂ ಮೊದಲು ನೆನಪಾಗುವುದು ಮುದ್ದೆಯೇ. ಹಲ್ಲು ಬೇಡ, ಅಗಿಯುವ ಕೆಲಸ ಇಲ್ಲ, ಸಾರಿನಲ್ಲಿ ಅದ್ದಿ ನುಂಗಿದರೆ ಆಯಿತು. ಗಂಡ ಸುಸ್ತಾಗಿದ್ದಾರೆ, ಅಗಿಯೋಕೆ ಆಗಲ್ಲ, ಇದಕ್ಕಿಂತ ಸಲೀಸಾದ ಊಟ ಯಾವುದಿದೆ ಅಂತ ಅವರಿಗೆ ಅನ್ನಿಸಿದರೆ ಅದರಲ್ಲಿ ತಪ್ಪೇನಿದೆ? ತಪ್ಪು ಆ ಚೀಟಿಯದ್ದು. ನಿಮ್ಮ ಮನೆಯಲ್ಲಿ ಏನು ಬೇಯಿಸುತ್ತೀರಿ ಅಂತ ಒಂದು ಮಾತು ಕೇಳದೆ ಬರೆದ ಚೀಟಿ ಅದು.

ಮುದ್ದೆ ಯಾಕೆ ಬೇಡ ಅನ್ನುವುದನ್ನು ಅಮ್ಮನಿಗೆ ಹೀಗೆ ಹೇಳಿ. ನಾವು ದಿನಕ್ಕೆ ನೂರಾರು ಸಲ ನುಂಗುತ್ತೇವೆ, ಒಂದು ಸಲವೂ ಯೋಚನೆ ಮಾಡುವುದಿಲ್ಲ. ಗಂಟಲಲ್ಲಿ ಅನ್ನ ಹೋಗುವ ದಾರಿ, ಉಸಿರು ಹೋಗುವ ದಾರಿ ಎರಡೂ ಅಕ್ಕಪಕ್ಕದಲ್ಲೇ ಇವೆ. ನುಂಗುವ ಹೊತ್ತಿಗೆ ನಾಲಿಗೆ ತುತ್ತನ್ನು ಹಿಂದಕ್ಕೆ ತಳ್ಳಬೇಕು, ಉಸಿರಿನ ದಾರಿ ಗಟ್ಟಿಯಾಗಿ ಮುಚ್ಚಿಕೊಳ್ಳಬೇಕು, ಅನ್ನನಾಳದ ಬಾಯಿ ತೆರೆದುಕೊಳ್ಳಬೇಕು. ಗಂಟಲಿನ ಈ ಕೆಲಸವೆಲ್ಲ ಸುಮಾರು ಒಂದು ಸೆಕೆಂಡಿನೊಳಗೆ ಮುಗಿಯುತ್ತದೆ. ಸ್ಟ್ರೋಕ್ ಆದವರಲ್ಲಿ ಮೊದಲ ದಿನಗಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಈ ಕೆಲಸ ಎಲ್ಲೋ ಒಂದು ಕಡೆ ತಪ್ಪುತ್ತದೆ. ಕೆಲವರಿಗೆ ನಾಲಿಗೆಗೆ ಬಲ ಸಾಲದು, ಕೆಲವರಿಗೆ ಮುಚ್ಚಿಕೊಳ್ಳುವುದು ತಡವಾಗುತ್ತದೆ. ಮುದ್ದೆಯ ತುತ್ತು ದೊಡ್ಡದು, ಅಂಟು, ಇಡಿಯಾಗಿ ಜಾರಬೇಕು. ನಾಲಿಗೆಗೆ ಬಲ ಇಲ್ಲದವರಲ್ಲಿ ಅದು ಗಂಟಲಲ್ಲೇ ಕೂತುಬಿಡಬಹುದು, ಉಸಿರಿನ ದಾರಿಯನ್ನೇ ಮುಚ್ಚಿಬಿಡಬಹುದು. ಮೆತ್ತಗಿರುವುದೆಲ್ಲ ನುಂಗೋಕೆ ಸಲೀಸಲ್ಲ. ಬ್ರೆಡ್ ಕೂಡ ಮೆತ್ತಗೇ ಇರುತ್ತದೆ, ಬಾಯಲ್ಲಿ ಹಿಟ್ಟಿನ ಉಂಡೆ ಆಗಿ ಅದೂ ಸಿಕ್ಕಿಹಾಕಿಕೊಳ್ಳುತ್ತದೆ.

ಇನ್ನು ನೀರು. ನೀರಿಗಿಂತ ಹಗುರ ಯಾವುದು ಅಂತ ಎಲ್ಲರೂ ಕೇಳುತ್ತಾರೆ. ತೊಂದರೆ ಇರುವುದೇ ಅಲ್ಲಿ. ತೆಳ್ಳಗಿನದು ಬೇಗ ಹರಿಯುತ್ತದೆ, ಗಂಟಲು ಮುಚ್ಚಿಕೊಳ್ಳುವ ಮೊದಲೇ ಒಳಗೆ ಇಳಿದಿರುತ್ತದೆ. ನೆತ್ತಿಗೆ ಹತ್ತಿತು ಅಂತ ನಾವು ತಲೆ ತಟ್ಟಿ, ಯಾರೋ ನೆನೆಸಿಕೊಂಡರು ಅಂದು, ಇನ್ನೊಂದು ಗುಟುಕು ನೀರು ಕುಡಿಸುತ್ತೇವಲ್ಲ, ಅಪ್ಪನ ವಿಷಯದಲ್ಲಿ ಅದನ್ನು ಮಾಡಲೇಬೇಡಿ. ಕೆಮ್ಮು ಅಂದರೆ ದೇಹ ತಪ್ಪು ದಾರಿಗೆ ಹೋದದ್ದನ್ನು ಹೊರಗೆ ತಳ್ಳುತ್ತಿದೆ. ಆ ಹೊತ್ತಲ್ಲಿ ಮತ್ತೆ ನೀರು ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಊಟ ನಿಲ್ಲಿಸಿ, ಸ್ವಲ್ಪ ಮುಂದಕ್ಕೆ ಬಾಗಿಸಿ, ಪೂರ್ತಿ ಕೆಮ್ಮಲು ಬಿಡಿ. ಕೆಮ್ಮಿ ಮುಗಿದ ಮೇಲೆ ಬಾಯಲ್ಲಿ ಏನೂ ಹಾಕದೆ ಒಂದೆರಡು ಸಲ ಸುಮ್ನೆ ನುಂಗಲು ಹೇಳಿ.

ಕೆಮ್ಮು ಬರಲಿಲ್ಲ, ಹಾಗಾದರೆ ಸರಿ ಇದೆ ಅಂತಲೂ ಅಂದುಕೊಳ್ಳಬೇಡಿ. ಸ್ಟ್ರೋಕ್ ಆದ ಕೆಲವರಿಗೆ ಗಂಟಲಿನ ಸ್ಪರ್ಶವೇ ಮಂದವಾಗಿರುತ್ತದೆ, ಶ್ವಾಸಕೋಶಕ್ಕೆ ನೀರು ಹೋದರೂ ಒಂದು ಕೆಮ್ಮೂ ಬರುವುದಿಲ್ಲ. ಅಮ್ಮನಿಗೆ ಒಂದು ಪರೀಕ್ಷೆ ಕಲಿಸಿ. ನಾಲ್ಕೈದು ಚಮಚ ಆದ ಮೇಲೆ ಅಪ್ಪನಿಗೆ ‘ಆ…’ ಅನ್ನಲು ಹೇಳುವುದು. ದನಿ ಒದ್ದೆಒದ್ದೆಯಾಗಿ, ಗೊರಗೊರ ಅಂತ ಕೇಳಿದರೆ ಗಂಟಲಲ್ಲಿ ಏನೋ ಉಳಿದಿದೆ ಅಂತ ಅರ್ಥ. ಕೆಮ್ಮಿಸಿ, ಮತ್ತೆ ನುಂಗಿಸಿ, ದನಿ ತಿಳಿಯಾದ ಮೇಲೆ ಮುಂದಿನ ಚಮಚ. ಊಟ ಮಾಡುವಾಗ ಕಣ್ಣಲ್ಲಿ ನೀರು, ಉಸಿರು ಜೋರಾಗುವುದು, ಊಟ ಅರ್ಧ ಗಂಟೆ ದಾಟಿದರೂ ಮುಗಿಯದಿರುವುದು, ಬಟ್ಟೆ ಸಡಿಲವಾಗುವಷ್ಟು ತೂಕ ಇಳಿಯುವುದು, ಇವೆಲ್ಲ ಗಮನಿಸಬೇಕಾದವು. ನುಂಗಿದ ಮೇಲೆ ದನಿಯಲ್ಲಿ ಗೊರಗೊರ ಏನೂ ಇಲ್ಲದೆಯೂ ಶ್ವಾಸಕೋಶಕ್ಕೆ ಇಳಿದಿರಬಹುದು, ಅದಕ್ಕೇ ಮನೆಯ ಪರೀಕ್ಷೆ ಒಂದನ್ನೇ ನಂಬಬೇಡಿ.

ನೀವು ‘ಹೇಗೆ ತಿಳಿಸಿ ಹೇಳಲಿ’ ಅಂತ ಕೇಳಿದ್ದೀರಿ. ಬಾಯಲ್ಲಿ ಹೇಳಿದ್ದು ನಿಲ್ಲುವುದಿಲ್ಲ. ಆಸ್ಪತ್ರೆಯಿಂದ ಕಳಿಸುವ ದಿನ ಮಾತ್ರೆ, ಬಿಲ್ಲು, ಆಟೋ ಅಂತ ನೂರು ಗಡಿಬಿಡಿಯ ನಡುವೆ ಯಾರೋ ಬಂದು ಐದು ನಿಮಿಷ ಹೇಳಿ, ‘ಅರ್ಥ ಆಯ್ತಾ ಅಮ್ಮ?’ ಅಂತ ಕೇಳಿದರೆ ಯಾರು ತಾನೆ ಇಲ್ಲ ಅನ್ನುತ್ತಾರೆ? ಹೂಂ ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಮಾತಿನ ಜೊತೆ ನುಂಗುವ ತೊಂದರೆಯನ್ನೂ ನೋಡುವ ನಾವು ಸ್ಪೀಚ್ ಥೆರಪಿಸ್ಟ್‌ಗಳು ಮಾಡಬೇಕಾದದ್ದು, ಮಾಡಿಸಿಕೊಳ್ಳುವ ಹಕ್ಕು ನಿಮಗೂ ಇರುವುದು ಇಷ್ಟು: ಊಟ ಮಾಡಿಸುವವರು ಯಾರೋ ಅವರ ಕೈಗೇ ಚಮಚ ಕೊಟ್ಟು, ‘ಈಗ ನೀವು ಮಾಡಿ ತೋರಿಸಿ, ನಾನು ನೋಡ್ತೀನಿ’ ಅನ್ನುವುದು. ಆಗ ತಪ್ಪು ತಾನಾಗಿ ಕಾಣುತ್ತದೆ. ನನ್ನ ಬಳಿ ಬರುವ ಮನೆಯವರಲ್ಲಿ ಮತ್ತೆ ಮತ್ತೆ ನೋಡುವ ಒಂದು ವಿಷಯ ಹೇಳುತ್ತೇನೆ. ಮಗಳು ಮಂಚದ ಪಕ್ಕ ನಿಂತು ತಿನ್ನಿಸುತ್ತಾಳೆ. ಕೂತವರು ಅವಳ ಮುಖ ನೋಡಲು ತಲೆ ಮೇಲೆತ್ತುತ್ತಾರೆ. ಗಲ್ಲ ಮೇಲೆದ್ದಷ್ಟೂ ಉಸಿರಿನ ದಾರಿಗೆ ಅನ್ನ ಇಳಿಯುವ ಅಪಾಯ ಜಾಸ್ತಿ. ಆಕೆಗೆ ‘ತಲೆ ನೇರ ಇರಲಿ’ ಅಂತ ಎಷ್ಟು ಸಲ ಹೇಳಿದರೂ ಆಗಲ್ಲ. ‘ನೀವು ಒಂದು ಸ್ಟೂಲ್ ಹಾಕಿಕೊಂಡು ಅವರ ಎದುರಿಗೆ, ಅವರ ಕಣ್ಣಿನ ಮಟ್ಟಕ್ಕೆ ಕೂತುಕೊಳ್ಳಿ’ ಅಂದ ತಕ್ಷಣ ತಲೆ ತಾನೇ ಕೆಳಗೆ ಬರುತ್ತದೆ. ಇಂಥದ್ದು ಚೀಟಿಯಲ್ಲಿ ಹಿಡಿಸುವುದಿಲ್ಲ.

ಅದೇ ಥರ ನೀರು ಕುಡಿಯುವ ರೀತಿ. ಎಂಜಲು ಮಾಡಬಾರದು ಅಂತ ಲೋಟ ಎತ್ತಿ ಕುಡಿಯುವುದು ನಮ್ಮ ಹಿರಿಯರಿಗೆ ರಕ್ತದಲ್ಲೇ ಬಂದಿರುತ್ತದೆ. ತಲೆ ಹಿಂದಕ್ಕೆ ಬಾಗಿ, ನೀರು ಧಾರೆಯಾಗಿ ಗಂಟಲಿಗೆ ಬೀಳುತ್ತದೆ. ನುಂಗುವ ತೊಂದರೆ ಇರುವವರಿಗೆ ಇದಕ್ಕಿಂತ ಕೆಟ್ಟ ಭಂಗಿ ಇಲ್ಲ. ಅಗಲ ಬಾಯಿಯ ಸಣ್ಣ ಬಟ್ಟಲು ಅಥವಾ ಚಮಚ ಬಳಸಿ, ಕಚ್ಚಿ ಕುಡಿಯಲಿ. ಮಾತ್ರೆ ಬಾಯಿಗೆ ಎಸೆದು ತಲೆ ಹಿಂದಕ್ಕೆ ಹಾಕುವುದೂ ಇದೇ ಕಥೆ. ಇನ್ನು ಮಾತ್ರೆಯನ್ನು ಪುಡಿ ಮಾಡಿ ಗಂಜಿಗೆ ಹಾಕುತ್ತಿದ್ದರೆ ಡಾಕ್ಟರನ್ನು ಕೇಳದೆ ಹಾಗೆ ಮಾಡಬೇಡಿ. ನಿಧಾನಕ್ಕೆ ಬಿಡುಗಡೆಯಾಗುವ ಮಾತ್ರೆ, ಹೊಟ್ಟೆಯಲ್ಲಿ ಕರಗದಂತೆ ಮೇಲೆ ಲೇಪ ಇರುವ ಮಾತ್ರೆ, ಇವನ್ನು ಪುಡಿ ಮಾಡಬಾರದು. ಸಿರಪ್ ಅಥವಾ ನೀರಲ್ಲಿ ಕರಗುವ ಬದಲಿ ಮಾತ್ರೆ ಬಹಳ ಸಲ ಸಿಗುತ್ತದೆ, ಕೇಳಿದರೆ ಬರೆದುಕೊಡುತ್ತಾರೆ.

ಈಗ ಅಪ್ಪನನ್ನು ಕೂರಿಸುವ ವಿಷಯ. ಆದಷ್ಟೂ ಕುರ್ಚಿ, ಮಂಚ ಬೇಡ. ಬೆನ್ನು ನೇರ, ಎರಡೂ ಪಾದ ನೆಲಕ್ಕೆ ತಾಗಿರಲಿ, ಸೋತ ಬಲಗಡೆಗೆ ಒಂದು ದಿಂಬು ಒತ್ತಿಡಿ, ಇಲ್ಲದಿದ್ದರೆ ಊಟದ ಮಧ್ಯೆ ಆ ಕಡೆಗೆ ವಾಲುತ್ತಾರೆ. ಟಿವಿ ಆಫ್. ನುಂಗುವುದು ಈಗ ಅವರಿಗೆ ಗಮನ ಕೊಟ್ಟು ಮಾಡುವ ಕೆಲಸ, ಪಕ್ಕದಲ್ಲಿ ಸೀರಿಯಲ್ ನಡೆಯುತ್ತಿದ್ದರೆ ಆಗುವುದಿಲ್ಲ. ಟೀ ಚಮಚದಲ್ಲಿ ಅರ್ಧ ಚಮಚ, ಎಡಗಡೆಯಿಂದ. ಗಂಟಲ ಮುಂದಿನ ಉಬ್ಬು ಮೇಲೆ ಹೋಗಿ ಕೆಳಗೆ ಬಂದದ್ದು ಕಂಡ ಮೇಲೆ ಮುಂದಿನದು. ಅಮ್ಮನ ಬೆರಳನ್ನು ಅಪ್ಪನ ಗಂಟಲ ಮೇಲೆ ಒಂದು ಸಲ ಮೆಲ್ಲಗೆ ಇಡಿಸಿ ಆ ಏರಿಳಿತವನ್ನು ತೋರಿಸಿ. ಆಮೇಲೆ ಅವರಿಗೆ ಬರೀ ನೋಡಿದರೂ ಗೊತ್ತಾಗುತ್ತದೆ. ಊಟ ಮುಗಿದ ಮೇಲೆ ಬಲ ಕೆನ್ನೆಯ ಒಳಗೆ ಟಾರ್ಚ್ ಬಿಟ್ಟು ನೋಡಿ. ಸೋತ ಕಡೆ ಅನ್ನ ಉಳಿದದ್ದು ಅವರಿಗೇ ಗೊತ್ತಾಗುವುದಿಲ್ಲ, ಮಲಗಿದ ಮೇಲೆ ಅದು ಜಾರುತ್ತದೆ. ಅರ್ಧ ಗಂಟೆಯಾದರೂ ಕೂತೇ ಇರಲಿ. ಗಲ್ಲ ಎದೆಗೆ ತಗ್ಗಿಸಿ ನುಂಗುವುದು, ತಲೆ ಒಂದು ಕಡೆ ತಿರುಗಿಸಿ ನುಂಗುವುದು ಅಂತ ಕೆಲವು ಉಪಾಯಗಳಿವೆ. ಅವು ಎಲ್ಲರಿಗೂ ಅಲ್ಲ, ಕೆಲವರಿಗೆ ತೊಂದರೆಯನ್ನೇ ಹೆಚ್ಚಿಸುತ್ತವೆ. ಯೂಟ್ಯೂಬ್ ನೋಡಿ ಶುರು ಮಾಡಬೇಡಿ. ಗಂಟಲಿನ ವ್ಯಾಯಾಮಗಳಿಗೂ ಇದೇ ಮಾತು.

ಊಟಕ್ಕೆ ಬರೋಣ, ಜಗಳ ಇರುವುದೇ ಅಲ್ಲಿ ತಾನೆ. ಅಪ್ಪನಿಗೆ ಬೇಕಾಗಿರುವುದು ರಾಗಿಯ ಮತ್ತು ಸಾರಿನ ರುಚಿ. ಅದನ್ನು ತಪ್ಪಿಸಬೇಕಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಬರೀ ಸಪ್ಪೆ ಗಂಜಿ, ಹಾಲು, ಬಾಳೆಹಣ್ಣು ಕೊಟ್ಟರೆ ಯಾರಿಗಾದರೂ ಊಟದ ಮೇಲೆ ಬೇಸರ ಬರುತ್ತದೆ. ಬಸ್ಸಾರು ಮಾಡಿದ ದಿನ ಸೊಪ್ಪು, ಕಾಳು, ರುಬ್ಬಿದ ಖಾರ ಎಲ್ಲವನ್ನೂ ಬಸಿದ ಕಟ್ಟಿನ ಜೊತೆ ಮಿಕ್ಸಿಯಲ್ಲಿ ನುಣ್ಣಗೆ ಮಾಡಿ, ಜರಡಿಯಲ್ಲಿ ಸೋಸಿ. ಕಾಳಿನ ಸಿಪ್ಪೆ, ಸೊಪ್ಪಿನ ನಾರು ಜರಡಿಯಲ್ಲೇ ಉಳಿಯಲಿ. ಇದನ್ನು ಗಂಟಿಲ್ಲದೆ ಕಾಯಿಸಿದ ರಾಗಿ ಅಂಬಲಿಗೆ ಬೆರೆಸಿ. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಒಂದು ಚಮಚ ಮೇಲೆ ಹಾಕಿ, ಸಾಸಿವೆ, ಕರಿಬೇವು ಬೇಡ. ಖಾರ ಸ್ವಲ್ಪ ತಗ್ಗಿಸಿ. ರುಚಿ ಅದೇ ಬಸ್ಸಾರು ಮುದ್ದೆಯದ್ದು, ನುಂಗುವುದು ಮಾತ್ರ ಮುದ್ದೆಗಿಂತ ಸಲೀಸು. ಒಂದು ಚಮಚ ತೆಗೆದು ವಾಲಿಸಿ ನೋಡಿ: ಚಮಚದಲ್ಲಿ ತನ್ನ ಆಕಾರದಲ್ಲೇ ನಿಲ್ಲಬೇಕು, ವಾಲಿಸಿದಾಗ ಒಟ್ಟಾಗಿ ಜಾರಿ ಬೀಳಬೇಕು, ಚಮಚಕ್ಕೆ ಅಂಟಿಕೊಂಡು ಉಳಿಯಬಾರದು. ಅಂಟಿದರೆ ಇನ್ನೂ ಮುದ್ದೆಯ ಗುಣ ಇದೆ, ಸ್ವಲ್ಪ ತಿಳಿ ಮಾಡಿ. ಅಪ್ಪನಿಗೆ ಇದೇ ಹದ ಸರಿಯೇ ಅನ್ನುವುದನ್ನು ಮಾತ್ರ ಥೆರಪಿಸ್ಟ್ ಹೇಳಬೇಕು.

ರಾಗಿಯಲ್ಲಿ ಒಂದು ಸೂಕ್ಷ್ಮ ಇದೆ. ಒಲೆಯ ಮೇಲೆ ತೆಳ್ಳಗಿದ್ದದ್ದು ಆರಿದಾಗ ಗಟ್ಟಿಯಾಗುತ್ತದೆ, ಆದ್ದರಿಂದ ಬಡಿಸುವ ಬಿಸಿಯಲ್ಲೇ ಹದ ನೋಡಬೇಕು. ಇನ್ನೊಂದು, ಅಪ್ಪನ ಬಾಯಿಗೆ ಹೋದ ಚಮಚವನ್ನೇ ಬಟ್ಟಲಿಗೆ ಅದ್ದುತ್ತಾ ಹೋದರೆ ಎಂಜಲು ಗಂಜಿಗೆ ಸೇರುತ್ತದೆ. ಎಂಜಲಲ್ಲಿ ಹಿಟ್ಟನ್ನು ಕರಗಿಸುವ ರಸ ಇರುತ್ತದೆ. ಊಟ ಅರ್ಧ ಆಗುವ ಹೊತ್ತಿಗೆ ಗಟ್ಟಿ ಇದ್ದ ಗಂಜಿ ನೀರಾಗಿರುತ್ತದೆ. ‘ಮೊದಲು ಚೆನ್ನಾಗಿ ತಿಂದರು, ಆಮೇಲೆ ಕೆಮ್ಮು ಶುರುವಾಯ್ತು’ ಅಂತ ಮನೆಯವರು ಹೇಳುವುದಕ್ಕೆ ಕೆಲವು ಸಲ ಕಾರಣ ಇದು, ಇನ್ನು ಕೆಲವು ಸಲ ಬರೀ ಸುಸ್ತು. ಎರಡು ಬಟ್ಟಲು ಇಟ್ಟುಕೊಳ್ಳಿ, ದೊಡ್ಡದರಿಂದ ಸಣ್ಣದಕ್ಕೆ ಸ್ವಲ್ಪ ಸ್ವಲ್ಪ ಹಾಕಿಕೊಂಡು ತಿನ್ನಿಸಿ.

ನೀರಿಗೆ ಮೆಡಿಕಲ್ ಸ್ಟೋರ್‌ನಲ್ಲಿ ಗಟ್ಟಿ ಮಾಡುವ ಪುಡಿ ಸಿಗುತ್ತದೆ, ಥಿಕನರ್ ಅಂತ ಕೇಳಿ. ಕ್ಸಾಂಥನ್ ಗಮ್‌ನಿಂದ ಮಾಡಿದ್ದಾದರೆ ಎಂಜಲಿಗೆ ಕರಗುವುದಿಲ್ಲ. ಎಷ್ಟು ಗಟ್ಟಿ? ಇದಕ್ಕೆ ಜಗತ್ತಿನಲ್ಲೆಲ್ಲ ಈಗ 0ಯಿಂದ 7ರ ತನಕ ನಂಬರ್ ಕೊಡುವ ಒಂದು ಪದ್ಧತಿ ಇದೆ. 0 ಅಂದರೆ ಬರೀ ನೀರು, 7 ಅಂದರೆ ನಮ್ಮ ನಿಮ್ಮ ಮಾಮೂಲಿ ಊಟ. ನಿಮ್ಮ ಚೀಟಿಯಲ್ಲಿ ನಂಬರ್ ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಮನೆಯಲ್ಲಿ ಅಳೆಯಲು ಸೂಜಿ ತೆಗೆದ 10 ಮಿ.ಲೀ. ಸಿರಿಂಜ್ ಸಾಕು. ಸೊನ್ನೆಯಿಂದ 10ರ ಗೆರೆಯ ತನಕ 61.5 ಮಿ.ಮೀ. ಉದ್ದ ಇರುವ ಸಿರಿಂಜ್ ಆಗಬೇಕು, ಸ್ಕೇಲ್ ಇಟ್ಟು ನೋಡಿ. ಒಳಗಿನ ಕಡ್ಡಿ ತೆಗೆದು, ತುದಿಗೆ ಬೆರಳು ಒತ್ತಿ, 10ರ ಗೆರೆ ತನಕ ತುಂಬಿ, ಬೆರಳು ಬಿಟ್ಟು 10 ಸೆಕೆಂಡ್ ಎಣಿಸಿ ಮತ್ತೆ ಒತ್ತಿ. ಒಳಗೆ 1ರಿಂದ 4 ಮಿ.ಲೀ. ಉಳಿದರೆ ಅದು 1ನೇ ಹದ, 4ರಿಂದ 8 ಉಳಿದರೆ 2ನೆಯದು, 8ಕ್ಕಿಂತ ಜಾಸ್ತಿ ಉಳಿದರೆ 3ನೆಯದು, ಹರಿಯಲೇ ಇಲ್ಲ ಅಂದರೆ 4. ಎರಡು ದಿನ ನೀವು ಜೊತೆಯಲ್ಲಿದ್ದು ಅಮ್ಮನ ಕೈಯಲ್ಲಿ ಇದನ್ನು ಮಾಡಿಸಿ. ಆಮೇಲೆ ಯಾವ ಲೋಟಕ್ಕೆ ಯಾವ ಚಮಚದಲ್ಲಿ ಎಷ್ಟು ಪುಡಿ ಅನ್ನುವುದು ಅವರಿಗೆ ಅಂದಾಜು ಸಿಕ್ಕಿಬಿಡುತ್ತದೆ. ಮುದ್ದೆ ತಿರುವುವ ಕೈಗೆ ಹದ ಗೊತ್ತಾಗುವುದು ಏನು ಕಷ್ಟ?

ಆದರೆ ಗಟ್ಟಿ ನೀರು ಯಾರಿಗೂ ಇಷ್ಟ ಆಗುವುದಿಲ್ಲ, ಜನ ಕಡಿಮೆ ಕುಡಿಯುತ್ತಾರೆ, ನಿರ್ಜಲೀಕರಣ ಆಗುತ್ತದೆ. ಮೂತ್ರ ಗಾಢ ಬಣ್ಣಕ್ಕೆ ತಿರುಗಿದೆಯಾ, ನಾಲಿಗೆ ಒಣಗಿದೆಯಾ ಅಂತ ದಿನಾ ನೋಡಿ. ಕೆಲವರಿಗೆ ಬಾಯಿ ಚೆನ್ನಾಗಿ ಸ್ವಚ್ಛ ಮಾಡಿದ ಮೇಲೆ, ಊಟಗಳ ನಡುವಿನ ಹೊತ್ತಲ್ಲಿ, ಗುಟುಕು ಗುಟುಕಾಗಿ ಬರೀ ನೀರು ಕೊಡಲು ಥೆರಪಿಸ್ಟ್ ಒಪ್ಪುತ್ತಾರೆ. ನಿಮ್ಮ ಅಪ್ಪನಿಗೆ ಅದು ಆಗುತ್ತದೆಯಾ ಅಂತ ಕೇಳಿ, ನೀವೇ ತೀರ್ಮಾನ ಮಾಡಬೇಡಿ.

ಬಾಯಿ ಸ್ವಚ್ಛತೆಯ ಮಾತನ್ನು ನಾನು ಎಲ್ಲರ ಹತ್ತಿರವೂ ಒತ್ತಿ ಹೇಳುತ್ತೇನೆ. ಸ್ವಲ್ಪ ಎಂಜಲು ಶ್ವಾಸಕೋಶಕ್ಕೆ ಇಳಿಯುವುದನ್ನು ಪೂರ್ತಿ ತಡೆಯಲು ಆಗುವುದಿಲ್ಲ. ಆ ಎಂಜಲಲ್ಲಿ ಎಷ್ಟು ಕೊಳೆ ಇದೆ ಅನ್ನುವುದರ ಮೇಲೆ ನ್ಯುಮೋನಿಯಾ ಬರುವುದು ಬಿಡುವುದು ಬಹಳಷ್ಟು ನಿಂತಿದೆ. ದಿನಕ್ಕೆ ಎರಡು ಸಲವಾದರೂ ಬ್ರಷ್, ನಾಲಿಗೆಯೂ ಸೇರಿ. ಕಟ್ಟಿಸಿದ ಹಲ್ಲಿದ್ದರೆ ರಾತ್ರಿ ತೆಗೆದು ತೊಳೆದಿಡಿ. ಮೂಗಲ್ಲಿ ಪೈಪ್ ಇದ್ದು ಬಾಯಿಂದ ಏನೂ ತಿನ್ನದವರಿಗೂ ಇದು ಬೇಕೇ ಬೇಕು. ಅಪ್ಪನಿಗೆ ಎಲೆ ಅಡಿಕೆ ಅಭ್ಯಾಸ ಇದ್ದರೆ ಅಡಿಕೆ ಚೂರು, ಹೊಗೆಸೊಪ್ಪು ಎರಡೂ ಈಗ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ.

ನೆಂಟರ ವಿಷಯ ಮರೆಯಬೇಡಿ. ನಿಮ್ಮದು ಮದ್ದೂರಿನ ಕಡೆ, ನೋಡಲು ಬರುವವರೆಲ್ಲ ಎಳನೀರು ಹಿಡಿದೇ ಬರುತ್ತಾರೆ. ಮಲಗಿದವರ ಬಾಯಿಗೆ ಸ್ಟ್ರಾ ಇಟ್ಟು ‘ಕುಡಿ ಅಣ್ಣ, ತಂಪು’ ಅನ್ನುತ್ತಾರೆ. ಎಳನೀರೂ ನೀರೇ. ಅದಕ್ಕೂ ಪುಡಿ ಬೆರೆಸಿ, ಕೂರಿಸಿ, ಚಮಚದಲ್ಲಿ ಕೊಡಿ. ಐಸ್‌ಕ್ರೀಮ್, ಜೆಲ್ಲಿ ಬಾಯಲ್ಲಿ ಕರಗಿ ನೀರಾಗುತ್ತವೆ, ಅವೂ ಬೇಡ. ಹಾಲಲ್ಲಿ ನೆನೆಸಿದ ಅವಲಕ್ಕಿ, ತಿಳಿಸಾರು ಅನ್ನ, ಅಂದರೆ ನೀರು ಮತ್ತು ಗಟ್ಟಿ ಎರಡೂ ಒಟ್ಟಿಗೆ ಇರುವುದು, ಇನ್ನೂ ಕಷ್ಟ. ನೀರು ಮುಂದೆ ಓಡುತ್ತದೆ, ಅಗುಳು ಹಿಂದೆ ಉಳಿಯುತ್ತದೆ. ಬಾಗಿಲ ಹತ್ತಿರ ದೊಡ್ಡ ಅಕ್ಷರದಲ್ಲಿ ‘ಅಮ್ಮನನ್ನು ಕೇಳದೆ ಏನೂ ತಿನ್ನಿಸಬೇಡಿ’ ಅಂತ ಬರೆದು ಅಂಟಿಸಿ. ಬೇಡ ಅನ್ನುವ ಮುಜುಗರ ಅಮ್ಮನಿಗೆ ತಪ್ಪುತ್ತದೆ.

ಇಷ್ಟೆಲ್ಲ ಅಮ್ಮನ ಬಗ್ಗೆ ಆಯಿತು. ಅಪ್ಪನ ಜೊತೆ ಯಾರಾದರೂ ಕೂತು ಮಾತಾಡಿದ್ದೀರಾ? ಮಾತು ತೊದಲುತ್ತದೆ ಅಂದ ಮಾತ್ರಕ್ಕೆ ಬುದ್ಧಿಗೆ ಏನೂ ಆಗಿರಬೇಕಿಲ್ಲ. ಅರವತ್ತು ವರ್ಷ ದಿನಾ ಮುದ್ದೆ ಉಂಡ ಮನುಷ್ಯನ ತಟ್ಟೆಯಿಂದ ಅದನ್ನು ತೆಗೆದುಹಾಕಿ, ಯಾಕೆ ಅಂತ ಅವರಿಗೆ ಬಿಟ್ಟು ಬೇರೆ ಎಲ್ಲರಿಗೂ ಹೇಳಿರುತ್ತೇವೆ. ಹಟ ಮಾಡದೆ ಇನ್ನೇನು ಮಾಡುತ್ತಾರೆ? ಅವರ ಎದುರಿಗೆ ಕೂತು, ಸಣ್ಣ ಸಣ್ಣ ವಾಕ್ಯದಲ್ಲಿ, ಕಾಗದದ ಮೇಲೆ ಗಂಟಲಿನ ಎರಡು ದಾರಿ ಬರೆದು ತೋರಿಸಿ. ಮುಂದಿನ ಸಲ ಪರೀಕ್ಷೆ ಮಾಡಿ ಆಗುತ್ತದೆ ಅಂದರೆ ಮತ್ತೆ ಒಂದೊಂದಾಗಿ ಕೊಡುತ್ತೇವೆ ಅಂತ ಹೇಳಿ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. ಸ್ಟ್ರೋಕ್ ಆದ ಬಹಳಷ್ಟು ಜನರಿಗೆ ವಾರಗಳು ಕಳೆದ ಹಾಗೆ ನುಂಗುವ ಶಕ್ತಿ ಮರಳುತ್ತದೆ. ಎಲ್ಲ ತಿಳಿದ ಮೇಲೂ ‘ಏನಾದರೂ ಆಗಲಿ, ನನಗೆ ಮುದ್ದೆಯೇ ಬೇಕು’ ಅಂದರೆ ಅದನ್ನೂ ಡಾಕ್ಟರ್ ಮತ್ತು ಥೆರಪಿಸ್ಟ್ ಎದುರಿಗೆ ಹೇಳಲಿ. ಅದು ಅವರ ಜೀವ, ಅವರ ಮಾತಿಗೆ ಬೆಲೆ ಇದೆ. ಆಗ ಅಪಾಯ ಆದಷ್ಟು ತಗ್ಗಿಸಿ ಹೇಗೆ ಕೊಡಬಹುದು ಅಂತ ಎಲ್ಲರೂ ಸೇರಿ ಯೋಚಿಸಬಹುದು. ಅಮ್ಮ ಒಬ್ಬರೇ ಕದ್ದುಮುಚ್ಚಿ ಕೊಟ್ಟು, ಭಯವನ್ನೂ ಒಬ್ಬರೇ ಹೊರುವುದು ಬೇಡ.

ತುರ್ತಿನ ಮಾತು ಒಂದು. ಅಪ್ಪನಿಗೆ ಕೆಮ್ಮಲೂ ಆಗದೆ, ಮಾತೂ ಬರದೆ, ಉಸಿರು ಕಟ್ಟಿದರೆ ಮುಂದಕ್ಕೆ ಬಾಗಿಸಿ ಎರಡು ಹೆಗಲಮೂಳೆಗಳ ನಡುವೆ ಅಂಗೈ ಬುಡದಿಂದ ಜೋರಾಗಿ ಐದು ಸಲ ಹೊಡೆಯಿರಿ. ಸಿಕ್ಕಿಕೊಂಡದ್ದು ಹೊರಗೆ ಬರಲಿಲ್ಲ ಅಂದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿನ ಮೇಲ್ಭಾಗದಲ್ಲಿ ಮುಷ್ಟಿ ಇಟ್ಟು ಒಳಕ್ಕೆ ಮೇಲಕ್ಕೆ ಐದು ಸಲ ಒತ್ತಿ. ಒಂದಾದ ಮೇಲೆ ಒಂದು ಮಾಡುತ್ತಿರಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಪ್ರಜ್ಞೆ ತಪ್ಪಿದರೆ ನೆಲಕ್ಕೆ ಮಲಗಿಸಿ ಎದೆ ಒತ್ತಲು ಶುರು ಮಾಡಿ. ಕಾಣದ ತುತ್ತಿಗೆ ಬಾಯೊಳಗೆ ಬೆರಳು ಹಾಕಿ ತಡಕಬೇಡಿ, ಇನ್ನೂ ಒಳಗೆ ಹೋಗುತ್ತದೆ. ಇದನ್ನೂ ಅಮ್ಮನಿಗೆ, ಪಕ್ಕದ ಮನೆಯವರೊಬ್ಬರಿಗೆ ಯಾರಾದರೂ ಗೊತ್ತಿರುವವರು ಮಾಡಿ ತೋರಿಸಲಿ.

ಮುಂದಿನ ಹೆಜ್ಜೆ ಏನು? ಈಗಲೂ ಕೆಮ್ಮು ಬರುತ್ತಿದೆ, ಎರಡು ತಿಂಗಳಾಗಿದೆ, ಹಾಗಾಗಿ ಮತ್ತೆ ಪರೀಕ್ಷೆ ಆಗಲೇಬೇಕು. ನೀವು ಮೈಸೂರಿನಲ್ಲೇ ಇದ್ದೀರಿ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ಮಾತು, ಕಿವಿ ಅಂತ ಜನರಿಗೆ ಗೊತ್ತು, ನುಂಗುವ ತೊಂದರೆಯನ್ನೂ ಅಲ್ಲಿ ನೋಡುತ್ತಾರೆ. ದೊಡ್ಡ ಆಸ್ಪತ್ರೆಗಳಲ್ಲಿ ಸ್ಪೀಚ್ ಥೆರಪಿಸ್ಟ್ ಇರುತ್ತಾರೆ, ಕೇಳಿ. ಬೇಕೆನಿಸಿದರೆ ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನುಂಗುವುದನ್ನು ನೋಡುತ್ತಾರೆ, ಅಥವಾ ಬೇರಿಯಂ ಬೆರೆಸಿದ್ದನ್ನು ತಿನ್ನಿಸಿ ಎಕ್ಸ್‌ರೇಯಲ್ಲಿ ನೋಡುತ್ತಾರೆ. ಕೆಮ್ಮಿಲ್ಲದೆ ಒಳಗೆ ಇಳಿಯುತ್ತಿದೆಯಾ ಅನ್ನುವುದು ಗೊತ್ತಾಗುವುದು ಇವುಗಳಲ್ಲೇ.

ಹೋಗುವಾಗ ಅಮ್ಮನನ್ನು ಕರೆದುಕೊಂಡು ಹೋಗಿ, ಇದು ಮುಖ್ಯ. ನೀವು ಕೇಳಿಸಿಕೊಂಡು ಬಂದು ಅವರಿಗೆ ಹೇಳಿದರೆ ಮತ್ತೆ ಅದೇ ಚೀಟಿಯ ಕಥೆ ಆಗುತ್ತದೆ. ಮನೆಯ ಅಂಬಲಿ, ಮನೆಯ ಸಾರು, ಮನೆಯ ಚಮಚ ಒಂದು ಡಬ್ಬಿಯಲ್ಲಿ ಹಾಕಿಕೊಳ್ಳಿ. ಅಮ್ಮ ತಿನ್ನಿಸಲಿ, ಥೆರಪಿಸ್ಟ್ ನೋಡಿ ತಿದ್ದಲಿ, ಸರಿ ಬಂದದ್ದನ್ನು ಅಮ್ಮನ ಫೋನಿನಲ್ಲೇ ವಿಡಿಯೋ ಮಾಡಿ. ಮಾತ್ರೆಗಳನ್ನೂ ಜೊತೆಯಲ್ಲೇ ತೆಗೆದುಕೊಂಡು ಹೋಗಿ, ಯಾವುದನ್ನು ಪುಡಿ ಮಾಡಬಹುದು ಅಂತ ಪಟ್ಟಿಯ ಮೇಲೆ ಗುರುತು ಹಾಕಿಸಿಕೊಳ್ಳಿ. ಅಷ್ಟರೊಳಗೆ ಜ್ವರ ಬಂದರೆ, ಕಫ ಜಾಸ್ತಿಯಾದರೆ, ಉಸಿರಾಟ ಜೋರಾದರೆ ಅಪಾಯಿಂಟ್‌ಮೆಂಟ್ ದಿನಕ್ಕೆ ಕಾಯಬೇಡಿ, ಅವತ್ತೇ ಡಾಕ್ಟರ್ ಹತ್ತಿರ ಹೋಗಿ, ನುಂಗುವ ತೊಂದರೆ ಇದೆ ಅಂತ ಮೊದಲ ಮಾತಿನಲ್ಲೇ ಹೇಳಿ.